ವೇಗದ ಓಟದಲ್ಲಿ ನಿಧಾನದ ವಿದ್ಯೆ: ಕಿರುಪಥದ ಕಾರು ಚಾಲಕರ ಸಿದ್ಧತೆ

ಮೊಬೈಲುಗಳಲ್ಲಿ ಇಂದಿಗೂ ಹರಿದಾಡುತ್ತಿರುವ ಒಂದು ವೀಡಿಯೊ ತುಣುಕನ್ನು ನಮ್ಮ ಶಾಲೆಗಳ ಮಕ್ಕಳಲ್ಲಿ ಕೆಲವರಾದರೂ ನೋಡಿರುತ್ತಾರೆ. ಅದು ಕಾರುಗಳ ಓಟವೊಂದರ ಕಡೆಯ ಸುತ್ತು. ಮುಂದಿನ ಕಾರುಗಳೆಲ್ಲ ತಿರುವಿನಲ್ಲಿ ವೇಗ ತಗ್ಗಿಸುತ್ತಿರುವಾಗ ಒಂದು ಕಾರು ಮಾತ್ರ ಹೊರಗೋಡೆಗೆ ಮೈಯೊತ್ತಿ, ಕಿಡಿ ಹಾರಿಸುತ್ತ, ಐದು ಕಾರುಗಳನ್ನು ದಾಟಿ ಗೆರೆ ಮುಟ್ಟುತ್ತದೆ. 2022ರ ಅಕ್ಟೋಬರ್ 30ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಮಾರ್ಟಿನ್ಸ್‌ವಿಲ್ ಪಥದಲ್ಲಿ ನಡೆದ ಘಟನೆಯಿದು. ಚಾಲಕನ ಹೆಸರು ರಾಸ್ ಚಾಸ್ಟೇನ್. ಫ್ಲೋರಿಡಾದಲ್ಲಿ ತಲೆಮಾರುಗಳಿಂದ ಕಲ್ಲಂಗಡಿ ಬೆಳೆಯುವ ರೈತ ಮನೆತನದವರು.

ಈ ತುಣುಕನ್ನು ನೋಡಿದ ಮಗು ಸಹಜವಾಗಿಯೇ ಕೇಳುತ್ತದೆ: “ಗುರುಗಳೇ, ಉಳಿದವರೂ ಹಾಗೆಯೇ ಓಡಿಸಬಹುದಿತ್ತಲ್ಲ?” ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ವಿಜ್ಞಾನ ಪಠ್ಯಪುಸ್ತಕದ ಮೂರು ಪಾಠಗಳನ್ನು ನಾವು ದಾಟಬೇಕಾಗುತ್ತದೆ, ಜೊತೆಗೆ ಒಂದು ಭಾನುವಾರದ ಓಟಕ್ಕಾಗಿ ಚಾಲಕನು ವಾರವಿಡೀ ನಡೆಸುವ ಸಿದ್ಧತೆಯನ್ನೂ ಅರಿಯಬೇಕಾಗುತ್ತದೆ.

ಸ್ಟಾಕ್ ಕಾರ್ ಎಂದರೇನು?

ಅಂಗಡಿಯಿಂದ ಕೊಂಡುತಂದ ಸಾಮಾನ್ಯ ಕಾರನ್ನು ಮಾರ್ಪಡಿಸದೆ ಓಟಕ್ಕಿಳಿಸುವುದು ಈ ಹೆಸರಿನ ಮೂಲಾರ್ಥ. ಇಂಥ ಓಟಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ 1948ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ಅದರ ಪ್ರಧಾನ ಸರಣಿ ಆರಂಭಗೊಂಡಿತು. ಇಂದಿನ ಕಾರುಗಳು ಮಾತ್ರ ಹೊರನೋಟಕ್ಕೆ ಅಂಗಡಿಯ ಕಾರನ್ನು ಹೋಲುತ್ತವೆಯೇ ಹೊರತು ಒಳಗೆ ಸಂಪೂರ್ಣವಾಗಿ ಓಟಕ್ಕೆಂದೇ ಕಟ್ಟಿದವು. ಅವುಗಳಿಗೆ ತೆರೆಯುವ ಬಾಗಿಲುಗಳಿಲ್ಲ. ಚಾಲಕನು ಕಿಟಕಿಯ ಮೂಲಕವೇ ಒಳಸೇರಬೇಕು.

ಸುತ್ತಳತೆ ಒಂದು ಮೈಲಿಗಿಂತ, ಅಂದರೆ 1.6 ಕಿಲೋಮೀಟರಿಗಿಂತ, ಕಡಿಮೆಯಿರುವ ಪಥವನ್ನು ಕಿರುಪಥ ಎನ್ನುತ್ತಾರೆ. ಮಾರ್ಟಿನ್ಸ್‌ವಿಲ್ ಅಂಥ ಹಳೆಯ ಪಥಗಳಲ್ಲೊಂದು. 1947ರಲ್ಲಿ ಮಣ್ಣಿನ ಪಥವಾಗಿ ಆರಂಭವಾದ ಅದು 1955ರಲ್ಲಿ ಡಾಂಬರು ಕಂಡಿತು. ಸುತ್ತಳತೆ ಸುಮಾರು 846 ಮೀಟರು. ಎರಡು ಉದ್ದನೆಯ ನೇರ ಭಾಗಗಳು, ಎರಡು ತುದಿಗಳಲ್ಲಿ ಬಿಗಿಯಾದ ತಿರುವುಗಳು. ಮೇಲಿನಿಂದ ನೋಡಿದರೆ ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ಆಕಾರ. ನೇರ ಭಾಗಕ್ಕೆ ಡಾಂಬರು, ತಿರುವಿಗೆ ಕಾಂಕ್ರೀಟು. ಇಲ್ಲಿ ಗೆದ್ದವರಿಗೆ ಆಳೆತ್ತರದ ಲೋಲಕದ ಗಡಿಯಾರವನ್ನು ಬಹುಮಾನವಾಗಿ ನೀಡುವ ಪದ್ಧತಿ 1964ರಿಂದ ನಡೆದುಬಂದಿದೆ.

ಬ್ರೇಕಿನ ಲೆಕ್ಕ

ಓಟವು 500 ಸುತ್ತುಗಳದ್ದು. ಒಟ್ಟು ದೂರ ಸುಮಾರು 423 ಕಿಲೋಮೀಟರು. ಒಂದು ಸುತ್ತಿಗೆ ಬೇಕಾಗುವ ಕಾಲ ಸುಮಾರು 20 ಸೆಕೆಂಡು. ನೇರ ಭಾಗದ ಕೊನೆಯಲ್ಲಿ ಕಾರಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರು ಮುಟ್ಟುತ್ತದೆ. ತಿರುವಿನ ನಡುವೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು. ಸುತ್ತಿಗೆ ಎರಡು ಬಾರಿ ಎಂದರೆ ಓಟ ಮುಗಿಯುವಷ್ಟರಲ್ಲಿ ಚಾಲಕನು ಸಾವಿರ ಸಲ ಜೋರಾಗಿ ಬ್ರೇಕು ತುಳಿದಿರುತ್ತಾನೆ.

ವೇಗವನ್ನು ಅರ್ಧಕ್ಕೆ ಇಳಿಸಿದರೆ ಚಲನಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಉಳಿದ ಮುಕ್ಕಾಲು ಪಾಲು ಬಹುಮಟ್ಟಿಗೆ ಬ್ರೇಕುಗಳಲ್ಲಿ ಶಾಖವಾಗಿ ಹೊರಬರಬೇಕು. ಕಾರಿನ ತೂಕವನ್ನು 1500 ಕಿಲೋಗ್ರಾಂ ಎಂದು ಹಿಡಿದು ಲೆಕ್ಕ ಹಾಕಿದರೆ, ಒಂದೊಂದು ಸಲ ವೇಗ ತಗ್ಗಿಸಿದಾಗಲೂ ಕಳೆಯಬೇಕಾದ ಶಕ್ತಿಯು ಐದು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಾಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಒಂದು ಕೊಡಪಾನದ ಅರ್ಧದಷ್ಟು ನೀರನ್ನು ಕಾಯಿಸಬಲ್ಲ ಶಾಖವು ನಾಲ್ಕು ಚಕ್ರಗಳ ನಡುವೆ ಹುಟ್ಟುತ್ತಿದ್ದರೆ ಏನಾಗಬಹುದೆಂದು ಊಹಿಸಿಕೊಳ್ಳಬಹುದು. ಬ್ರೇಕಿನ ಲೋಹದ ತಟ್ಟೆಗಳು ಕೆಂಡದಂತೆ ಕೆಂಪಗಾಗುತ್ತವೆ. ಶಾಖ ಮಿತಿಮೀರಿದರೆ ಬ್ರೇಕು ಸೋಲುತ್ತದೆ. ಟೈರಿನ ಅಂಚು ಹಾಳಾಗಿ ಗಾಳಿ ಹೊರಹೋಗುವ ಅಪಾಯವೂ ಇದೆ. ಆಗ ಎದುರಿಗಿರುವುದು ಗೋಡೆ.

ಆದ್ದರಿಂದಲೇ ಕಿರುಪಥದ ಸಿದ್ಧತೆಯಲ್ಲಿ ಎಂಜಿನ್ನಿನಷ್ಟೇ ಬ್ರೇಕಿನ ಚಿಂತೆಯೂ ದೊಡ್ಡದು. ಬ್ರೇಕುಗಳಿಗೆ ಹೊರಗಿನ ಗಾಳಿಯನ್ನು ಹಾಯಿಸುವ ಕೊಳವೆಗಳು ಎಷ್ಟಿರಬೇಕು, ಮುಂದಿನ ಚಕ್ರಗಳಿಗೆ ಎಷ್ಟು ಪಾಲು ಬ್ರೇಕು, ಹಿಂದಿನವಕ್ಕೆ ಎಷ್ಟು ಎಂಬುದನ್ನು ತಂಡವು ಮೊದಲೇ ಯೋಚಿಸುತ್ತದೆ. ಈ ಪಾಲನ್ನು ಓಟದ ನಡುವೆಯೂ ಬದಲಿಸಲು ಚಾಲಕನ ಕೈಗೆಟಕುವಂತೆ ಒಂದು ತಿರುಪು ಇರುತ್ತದೆ. ಮೊದಲ ನೂರು ಸುತ್ತುಗಳಲ್ಲಿ ಬ್ರೇಕನ್ನು ಉಳಿಸಿಕೊಂಡವನಿಗೆ ಕೊನೆಯ ನೂರು ಸುತ್ತುಗಳಲ್ಲಿ ಹೋರಾಡುವ ಶಕ್ತಿಯಿರುತ್ತದೆ.

ಒಂದು ಪಥದ ಪಾಠ ಇನ್ನೊಂದಕ್ಕೆ ಹೊಂದುವುದಿಲ್ಲ. ಟೆನೆಸ್ಸಿ ರಾಜ್ಯದ ಬ್ರಿಸ್ಟಲ್ ಪಥವೂ ಹೆಚ್ಚುಕಡಿಮೆ ಇಷ್ಟೇ ಉದ್ದದ್ದು. ಆದರೆ ಮಾರ್ಟಿನ್ಸ್‌ವಿಲ್‌ನ ತಿರುವುಗಳು ಒಳಕ್ಕೆ 12 ಡಿಗ್ರಿ ಮಾತ್ರ ಓರೆಯಾಗಿದ್ದರೆ, ಬ್ರಿಸ್ಟಲ್‌ನವು ಬಟ್ಟಲಿನ ಅಂಚಿನಂತೆ 24 ಡಿಗ್ರಿಗೂ ಮಿಗಿಲಾಗಿ ಓರೆಯಾಗಿವೆ. ಓರೆಯಾದ ನೆಲವು ಕಾರನ್ನು ಒಳಕ್ಕೆ ತಳ್ಳುವುದರಿಂದ ಅಲ್ಲಿ ತಿರುವಿನಲ್ಲೂ ಹೆಚ್ಚು ವೇಗ ಸಾಧ್ಯ. ಹೀಗಾಗಿ ಒಂದೆಡೆ ಬ್ರೇಕಿನ ಪರೀಕ್ಷೆ, ಇನ್ನೊಂದೆಡೆ ಮೈಗೂ ಟೈರಿಗೂ ಬೀಳುವ ಒತ್ತಡದ ಪರೀಕ್ಷೆ.

ವಾರದ ದಿನಗಳು

ಸಿದ್ಧತೆಯು ಪಥಕ್ಕೆ ಹೋಗುವ ಮೊದಲೇ ಆರಂಭವಾಗುತ್ತದೆ. ಬಹುತೇಕ ತಂಡಗಳ ನೆಲೆ ಉತ್ತರ ಕೆರೊಲಿನಾದ ಷಾರ್ಲಟ್ ನಗರದ ಸುತ್ತಮುತ್ತ. ಅಲ್ಲಿ ಚಾಲಕರು ಹಿಂದಿನ ಓಟಗಳ ಚಿತ್ರೀಕರಣವನ್ನು ಮತ್ತೆಮತ್ತೆ ನೋಡುತ್ತಾರೆ. ಪ್ರತಿ ಕಾರು ಎಲ್ಲಿ ಬ್ರೇಕು ಹಾಕಿತು, ಎಲ್ಲಿ ವೇಗ ಹೆಚ್ಚಿಸಿತು ಎಂಬ ದಾಖಲೆ ಎದುರಾಳಿ ತಂಡಗಳಿಗೂ ಲಭ್ಯ. ತನಗಿಂತ ಬೇಗ ಓಡಿದವನು ಯಾವ ಜಾಗದಲ್ಲಿ ಕಾಲೆತ್ತಿದ ಎಂಬುದನ್ನು ಹೋಲಿಸಿ ನೋಡುವುದೇ ಮನೆಪಾಠ. ಬಳಿಕ ಸಿಮ್ಯುಲೇಟರ್ ಎಂಬ ಅನುಕರಣ ಯಂತ್ರದಲ್ಲಿ ಕುಳಿತು, ಪರದೆಯ ಮೇಲೆ ಮೂಡುವ ಅದೇ ಪಥದಲ್ಲಿ ಸುತ್ತು ಹಾಕುತ್ತಾರೆ.

ದೇಹದ ಸಿದ್ಧತೆಯೂ ಚಿಕ್ಕದಲ್ಲ. ಬೇಸಗೆಯ ಓಟಗಳಲ್ಲಿ ಕಾರಿನೊಳಗಿನ ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬೆಂಕಿ ತಾಳುವ ದಪ್ಪ ಉಡುಪು, ತಲೆಗೆ ಹೆಲ್ಮೆಟ್ಟು ತೊಟ್ಟು ಮೂರು ಗಂಟೆಗೂ ಹೆಚ್ಚು ಕಾಲ ಅದರಲ್ಲಿ ಕುಳಿತಿರಬೇಕು. ಅದಕ್ಕಾಗಿ ಓಟದ ಹಲವು ದಿನ ಮೊದಲಿನಿಂದಲೇ ನೀರನ್ನೂ ಲವಣಾಂಶವನ್ನೂ ಲೆಕ್ಕವಿಟ್ಟು ಸೇವಿಸುತ್ತಾರೆ. ಬಾಯಾರಿದ ಮೇಲೆ ಕುಡಿದರೆ ತಡವಾಯಿತು ಎಂಬುದು ಅವರ ನಿಯಮ.

ಶನಿವಾರ: ಕಂಡದ್ದನ್ನು ಮಾತಿಗೆ ತರುವುದು

ಶನಿವಾರ ಅಭ್ಯಾಸಕ್ಕೆ ಸಿಗುವ ಕಾಲ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ. ಇಲ್ಲಿ ಚಾಲಕನ ಮುಖ್ಯ ಕೆಲಸವೆಂದರೆ ಕಾರು ಹೇಗೆ ವರ್ತಿಸುತ್ತಿದೆ ಎಂಬುದನ್ನು ತಂಡದ ಮುಖ್ಯಸ್ಥನಿಗೆ ರೇಡಿಯೊ ಮೂಲಕ ತಿಳಿಸುವುದು. ತಿರುವಿಗೆ ಪ್ರವೇಶಿಸುವಾಗ ಹಿಂಭಾಗ ಜಾರುತ್ತಿದೆಯೆ? ನಡುವೆ ಮುಂಭಾಗ ತಿರುಗಲು ಒಲ್ಲದಾಗಿದೆಯೆ? ಹೊರಬರುವಾಗ ಹಿಂಚಕ್ರಗಳು ನೆಲ ಹಿಡಿಯದೆ ಸುತ್ತುತ್ತಿವೆಯೆ? “ಕಾರು ಸರಿಯಿಲ್ಲ” ಎಂಬ ಒಂದು ಮಾತಿನಿಂದ ಯಾರೂ ಏನನ್ನೂ ಸರಿಪಡಿಸಲಾರರು. ಎಲ್ಲಿ, ಯಾವಾಗ, ಎಷ್ಟು ಎಂದು ನಿಖರವಾಗಿ ಹೇಳಿದರೆ ಮಾತ್ರ ಸ್ಪ್ರಿಂಗನ್ನು ಬದಲಿಸಬೇಕೆ, ಟೈರಿನ ಗಾಳಿಯನ್ನು ತಗ್ಗಿಸಬೇಕೆ ಎಂದು ನಿರ್ಧರಿಸಬಹುದು. ಅನುಭವವನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿ ಹೇಳಬಲ್ಲವನೇ ಇಲ್ಲಿ ಒಳ್ಳೆಯ ಚಾಲಕ. ತರಗತಿಯಲ್ಲಿ ಮಕ್ಕಳಿಂದ ನಾವು ಬಯಸುವುದೂ ಇದನ್ನೇ.

ಅಭ್ಯಾಸದ ಬಳಿಕ ಅರ್ಹತಾ ಸುತ್ತು. ಅದರ ಫಲದಿಂದ ಓಟದಲ್ಲಿ ನಿಲ್ಲುವ ಸಾಲು ಮಾತ್ರವಲ್ಲದೆ ಟೈರು ಬದಲಿಸುವ ಅಂಕಣದ ಆಯ್ಕೆಯೂ ನಿರ್ಧಾರವಾಗುತ್ತದೆ. ಮೊದಲಿಗನು ಸಾಮಾನ್ಯವಾಗಿ ಹೊರದಾರಿಗೆ ಅತಿ ಸಮೀಪದ ಅಂಕಣವನ್ನು ಆರಿಸಿಕೊಳ್ಳುತ್ತಾನೆ. ಹೊರಡುವಾಗ ಅಡ್ಡ ಬರುವವರು ಯಾರೂ ಇರುವುದಿಲ್ಲ. ಆ ಅಂಕಣಗಳ ದಾರಿಯಲ್ಲಿ ವೇಗಮಿತಿಯಿದೆ, ಮೀರಿದರೆ ದಂಡನೆಯಿದೆ. ಸೋಜಿಗವೆಂದರೆ ಈ ಕಾರುಗಳಲ್ಲಿ ವೇಗಮಾಪಕವೇ ಇಲ್ಲ. ಎಂಜಿನ್ನು ನಿಮಿಷಕ್ಕೆ ಎಷ್ಟು ಸಲ ತಿರುಗುತ್ತಿದೆ ಎಂಬುದನ್ನು ಸೂಚಿಸುವ ದೀಪಗಳನ್ನು ನೋಡಿಯೇ ಚಾಲಕನು ಮಿತಿಯೊಳಗೆ ಉಳಿಯಬೇಕು.

ಅಂಕಣದಲ್ಲಿ ಐವರು ಕೆಲಸಗಾರರು ಗೋಡೆ ಹಾರಿ ಬಂದು ನಾಲ್ಕು ಟೈರುಗಳನ್ನು ಬದಲಿಸಿ ಇಂಧನ ತುಂಬುತ್ತಾರೆ. 2022ರಲ್ಲಿ ಬಂದ ಹೊಸ ಮಾದರಿಯ ಕಾರಿನಲ್ಲಿ ಚಕ್ರಕ್ಕೆ ಐದರ ಬದಲು ಒಂದೇ ನಟ್ಟು ಇರುವುದರಿಂದ ಇದೆಲ್ಲ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇಪ್ಪತ್ತು ಸೆಕೆಂಡಿನ ಸುತ್ತಿನಲ್ಲಿ ಹಿಂದುಳಿಯುವುದು ಬಲು ಸುಲಭ: ಸುತ್ತಿಗೆ ಅರ್ಧ ಸೆಕೆಂಡು ನಿಧಾನವಾದರೂ ನಲವತ್ತೇ ಸುತ್ತುಗಳಲ್ಲಿ ಪೂರ್ತಿ ಒಂದು ಸುತ್ತು ಹಿಂದೆ ಬಿದ್ದಾಯಿತು.

ಎಲ್ಲರಿಗೂ ಒಂದೇ ಸಾಲು ಇರಲಿಲ್ಲ

ಇಷ್ಟೆಲ್ಲ ಸೌಕರ್ಯಗಳ ನಡುವೆ ಮರೆಯಬಾರದ ಹೆಸರು ವೆಂಡೆಲ್ ಸ್ಕಾಟ್. ಮಾರ್ಟಿನ್ಸ್‌ವಿಲ್‌ಗೆ ಹತ್ತಿರದ ಡ್ಯಾನ್ವಿಲ್ ಪಟ್ಟಣದ ಈ ಕಪ್ಪು ಜನಾಂಗದ ಚಾಲಕ ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್ ಆಗಿ ದುಡಿದವರು. ಅನ್ಯರು ಬಳಸಿದ ಕಾರುಗಳನ್ನು ತಾವೇ ದುರಸ್ತಿ ಮಾಡಿಕೊಂಡು, ಮಕ್ಕಳನ್ನೇ ಸಹಾಯಕರಾಗಿ ಕರೆದೊಯ್ದು ಓಟಕ್ಕಿಳಿಯುತ್ತಿದ್ದರು. 1963ರ ಡಿಸೆಂಬರ್ 1ರಂದು ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನ ಅರ್ಧ ಮೈಲಿ ಮಣ್ಣಿನ ಕಿರುಪಥದಲ್ಲಿ ಅವರು ಎರಡು ಸುತ್ತುಗಳಷ್ಟು ಮುಂದಿದ್ದರೂ ಎರಡನೆಯವರಾದ ಬಕ್ ಬೇಕರ್ ಅವರನ್ನೇ ವಿಜೇತರೆಂದು ಸಾರಲಾಯಿತು. ಗಂಟೆಗಳ ಬಳಿಕ, ಜನರೆಲ್ಲ ಚದುರಿದ ಮೇಲೆ, ಸ್ಕಾಟ್ ಗೆದ್ದರೆಂದು ಒಪ್ಪಿಕೊಳ್ಳಲಾಯಿತು. ಅವರು 1990ರಲ್ಲಿ ತೀರಿಕೊಂಡರು. ಆ ಗೆಲುವಿನ ಸ್ಮಾರಕ ಪಾರಿತೋಷಕವು ಕುಟುಂಬದ ಕೈಸೇರಿದ್ದು 2021ರಲ್ಲಿ. ಕಾರನ್ನು ಸಿದ್ಧಪಡಿಸಿಕೊಳ್ಳುವುದು ಸ್ಕಾಟ್ ಅವರ ಕೈಯಲ್ಲಿತ್ತು. ತೀರ್ಪು ಬೇರೆಯವರ ಕೈಯಲ್ಲಿತ್ತು.

ಭಾನುವಾರ: ಸಿಟ್ಟಿಗೂ ಬ್ರೇಕು

ಕಿರುಪಥದಲ್ಲಿ ಕಾರುಗಳು ಒಂದನ್ನೊಂದು ತಾಗದೆ ಓಡುವುದು ವಿರಳ. ಮುಂದಿನವನ ಹಿಂಬದಿಗೆ ಮೆಲ್ಲನೆ ತಾಗಿಸಿ, ಅವನು ತುಸು ಹೊರಸರಿದಾಗ ಒಳಗಿನಿಂದ ನುಗ್ಗುವುದು ಅಲ್ಲಿಯ ಹಳೆಯ ತಂತ್ರ. ಇದನ್ನು ಎಲ್ಲಿಯವರೆಗೆ ಬಳಸಬೇಕು ಎಂಬ ವಿವೇಕವೂ ಸಿದ್ಧತೆಯ ಭಾಗ, ಏಕೆಂದರೆ ಇಂದು ತಾಗಿಸಿಕೊಂಡವನು ನಾಳೆಯೂ ಪಕ್ಕದಲ್ಲಿಯೇ ಓಡುತ್ತಾನೆ. 2015ರ ನವೆಂಬರ್ 1ರಂದು ಇದೇ ಮಾರ್ಟಿನ್ಸ್‌ವಿಲ್‌ನಲ್ಲಿ ಮ್ಯಾಟ್ ಕೆನ್ಸೆತ್ ತಾನು ಹಲವು ಸುತ್ತು ಹಿಂದಿದ್ದರೂ, ಮುನ್ನಡೆಯಲ್ಲಿದ್ದ ಜೋಯಿ ಲೊಗಾನೋ ಅವರ ಕಾರನ್ನು ಗೋಡೆಗೆ ಒತ್ತಿಬಿಟ್ಟರು. ಹಿಂದಿನ ಓಟವೊಂದರ ಮುನಿಸು ಹೀಗೆ ತೀರಿತು. ಸಂಸ್ಥೆಯು ಕೆನ್ಸೆತ್ ಅವರನ್ನು ಎರಡು ಓಟಗಳಿಂದ ಹೊರಗಿಟ್ಟಿತು. ಆ ವರ್ಷ ಲೊಗಾನೋ ಅವರಿಗೆ ಅಂತಿಮ ಸುತ್ತಿನ ಅವಕಾಶ ದಕ್ಕಲಿಲ್ಲ.

ಪ್ರಾಣದ ಪ್ರಶ್ನೆಯೂ ಇಲ್ಲಿದೆ. 2001ರ ಫೆಬ್ರವರಿಯಲ್ಲಿ ಡೇಟೋನಾದ ದೊಡ್ಡ ಪಥದಲ್ಲಿ ಖ್ಯಾತ ಚಾಲಕ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಅಪ್ಪಳಿಸಿ ಮೃತರಾದರು. ತಲೆಯು ಹಠಾತ್ತನೆ ಮುಂದಕ್ಕೆ ಎಳೆಯದಂತೆ ಹೆಲ್ಮೆಟ್ಟನ್ನು ಭುಜಕ್ಕೆ ಬಿಗಿಯುವ ಸಾಧನವನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಸಂಸ್ಥೆಯು ಕಡ್ಡಾಯಗೊಳಿಸಿತು. ಇಂದು ಆ ಪಟ್ಟಿಗಳನ್ನು ಬಿಗಿದುಕೊಳ್ಳದೆ ಯಾವ ಚಾಲಕನೂ ಕಾರು ಹೊರಡಿಸುವಂತಿಲ್ಲ.

ಮಗುವಿನ ಪ್ರಶ್ನೆಗೆ ಉತ್ತರ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ವೃತ್ತಾಕಾರದಲ್ಲಿ ಚಲಿಸುವ ವಸ್ತುವನ್ನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲ ಬೇಕು. ವೇಗ ಇಮ್ಮಡಿಯಾದರೆ ಆ ಬಲ ನಾಲ್ಕು ಪಟ್ಟು ಬೇಕಾಗುತ್ತದೆ. ಕಾರಿಗೆ ಈ ಬಲವನ್ನು ಒದಗಿಸುವುದು ಮುಖ್ಯವಾಗಿ ಟೈರು ಮತ್ತು ನೆಲದ ನಡುವಿನ ಘರ್ಷಣೆ, ಅದಕ್ಕೊಂದು ಮಿತಿಯಿದೆ. ಎಲ್ಲರೂ ಬ್ರೇಕು ತುಳಿಯುವುದು ಆ ಮಿತಿಯೊಳಗೆ ಉಳಿಯಲು. ಚಾಸ್ಟೇನ್ ಬ್ರೇಕು ತುಳಿಯಲಿಲ್ಲ. ಟೈರು ಒದಗಿಸಲಾರದ ಬಲವನ್ನು ಹೊರಗೋಡೆಯಿಂದ ಪಡೆದರು. ಗೋಡೆಯೇ ಅವರ ಕಾರನ್ನು ಒಳಕ್ಕೆ ಬಾಗಿಸುತ್ತ ಹೋಯಿತು. ಉಳಿದವರಿಗೆ ಸುಮಾರು 20 ಸೆಕೆಂಡು ಹಿಡಿದ ಸುತ್ತನ್ನು ಅವರು 18.845 ಸೆಕೆಂಡಿನಲ್ಲಿ ಮುಗಿಸಿ, ಪ್ರಶಸ್ತಿಗೆ ಸೆಣಸುವ ನಾಲ್ವರಲ್ಲಿ ಒಬ್ಬರಾದರು. ಬಾಲ್ಯದಲ್ಲಿ ಆಡಿದ ವೀಡಿಯೊ ಆಟದಲ್ಲಿ ಹೀಗೆ ಮಾಡಿದ್ದು ನೆನಪಾಯಿತೆಂದು ಅವರೇ ಹೇಳಿದ್ದಾರೆ.

ಆದರೆ ಗೋಡೆಯೇನು ನಯವಾದ ಹಳಿಯಲ್ಲ. ಸಂದಿಯೊಂದಕ್ಕೆ ಚಕ್ರ ಸಿಕ್ಕಿದ್ದರೆ ಚಾಲಕನಿಗೂ, ಹತ್ತಿರ ಕುಳಿತ ಪ್ರೇಕ್ಷಕರಿಗೂ ಆಪತ್ತು ತಪ್ಪುತ್ತಿರಲಿಲ್ಲ. 2023ರ ಆರಂಭದಲ್ಲಿ ಸಂಸ್ಥೆಯು ಇಂಥ ಸಾಹಸಕ್ಕೆ ದಂಡನೆ ವಿಧಿಸುವುದಾಗಿ ಸ್ಪಷ್ಟಪಡಿಸಿತು. ಅಂದು ಓಟವನ್ನು ಗೆದ್ದವರು ಚಾಸ್ಟೇನ್ ಅಲ್ಲ, ಕ್ರಿಸ್ಟೋಫರ್ ಬೆಲ್. ಅವರು 500 ಸುತ್ತುಗಳನ್ನೂ ಬ್ರೇಕು ತುಳಿದೇ ಮುಗಿಸಿದರು.

ಪೋಷಕರಲ್ಲಿ ಒಂದು ವಿನಂತಿ. ಮಗು ಈ ತುಣುಕನ್ನು ಮತ್ತೆ ತೋರಿಸಿದಾಗ ಮೊಬೈಲನ್ನು ಕಸಿದುಕೊಳ್ಳುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು ಕೊಡಿ. ತೂಕ 1500 ಕಿಲೋಗ್ರಾಂ, ವೇಗ ಗಂಟೆಗೆ 190ರಿಂದ 95 ಕಿಲೋಮೀಟರಿಗೆ ಇಳಿಯಿತು. ಕಳೆದ ಚಲನಶಕ್ತಿ ಎಷ್ಟು ಜೂಲು ಎಂದು ಕೇಳಿ. ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರಾಗಿ ಬದಲಿಸುವುದನ್ನು ಮಾತ್ರ ಮರೆಯಬಾರದು. ಸುಮಾರು ಹದಿನೈದೂವರೆ ಲಕ್ಷದ ಆಸುಪಾಸಿನ ಉತ್ತರ ಬಂದರೆ, ಆ ಚಾಲಕರು ಸಾವಿರ ಸಲ ಏನನ್ನು ನಿಭಾಯಿಸುತ್ತಾರೆಂಬುದು ಮಗುವಿಗೆ ತಿಳಿಯಿತೆಂದೇ ಅರ್ಥ.