ನಲವತ್ತು ವರ್ಷ ಕಾಯುವ ಎಳೆ

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಎಷ್ಟು ಒಪ್ಪುವ ಹೆಸರು! ಅದು ಕಲ್ಲೇ, ಆದರೆ ಹತ್ತಿಯಂತೆ ಎಳೆ ಬಿಡಿಸಿ ನೇಯಬಹುದು. ಬೆಂಕಿಗೆ ಉರಿಯದು, ಬೇಗ ಸವೆಯದು. ಅದಕ್ಕೇ ಬಾಯ್ಲರಿನ ಹೊದಿಕೆ, ಲಾರಿಯ ಬ್ರೇಕ್, ಮನೆಯ ಮೇಲಿನ ಶೀಟು ಎಲ್ಲಕ್ಕೂ ಅದೇ ಬೇಕಾಯಿತು.

ಬೇಗ ಹಾಳಾಗದ ಈ ಗುಣವೇ ಎದೆಯೊಳಗೆ ಹೊಕ್ಕಾಗ ಮುಳುವಾಗುತ್ತದೆ. ಶ್ವಾಸಕೋಶಕ್ಕೆ ಬಂದ ದೂಳನ್ನು ನುಂಗಿ ಸಾಗಹಾಕಲು ಅಲ್ಲಿ ಭಕ್ಷಕ ಕೋಶಗಳಿವೆ. ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಎಷ್ಟೋ ಸಲ ಆ ಕೋಶಕ್ಕಿಂತ ಉದ್ದ. ಇಲಿ ನುಂಗಲು ಹೋದ ಹಾವಿಗೆ ಬಿದಿರುಕಡ್ಡಿ ಸಿಕ್ಕಂತೆ: ಒಳಗೂ ಹೋಗದು, ಹೊರಗೂ ಬಾರದು. ಕೋಶ ಉರಿಯೂತದ ರಾಸಾಯನಿಕಗಳನ್ನು ಕಾರುತ್ತದೆ, ಸಾಯುತ್ತದೆ. ಎಳೆ ಅಲ್ಲೇ ಉಳಿಯುತ್ತದೆ. ಮತ್ತೊಂದು ಕೋಶ ಬರುತ್ತದೆ. ಹೀಗೆ ವರ್ಷಗಟ್ಟಲೆ. ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾದರೆ ಅದು ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರೂ ಬರಬಹುದು. ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೋಥೆಲಿಯೋಮಾ ಎಂಬ ಕ್ಯಾನ್ಸರಂತೂ ಹೆಚ್ಚಾಗಿ ಕಲ್ನಾರಿನದೇ ಕೊಡುಗೆ.

1960ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕ ವ್ಯಾಗ್ನರ್ ಮತ್ತು ಸಂಗಡಿಗರು ಮೆಸೋಥೆಲಿಯೋಮಾದ 33 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಎಲ್ಲರ ಹಿನ್ನೆಲೆಯಲ್ಲೂ ಕಲ್ನಾರಿನ ನಂಟಿತ್ತು. ಕೆಲವರು ಗಣಿಗೆ ಇಳಿದವರೇ ಅಲ್ಲ, ಬಾಲ್ಯದಲ್ಲಿ ಗಣಿಯ ಆಸುಪಾಸಿನಲ್ಲಿ ಬೆಳೆದವರು, ಅಷ್ಟೇ. ದೂಳು ಕುಡಿದದ್ದಕ್ಕೂ ರೋಗ ತಲೆದೋರುವುದಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 50 ವರ್ಷ. ಇಂದಿನ ಎಕ್ಸ್‌ರೇ ಚೆನ್ನಾಗಿದೆ ಎಂದರೆ ಇಂದಿಗೆ ಚೆನ್ನಾಗಿದೆ ಎಂದಷ್ಟೇ ಅರ್ಥ.

ನಮ್ಮ ಸುಪ್ರೀಂ ಕೋರ್ಟ್ ಇದನ್ನು ಅರಿತೇ 1995ರಲ್ಲಿ ಆದೇಶಿಸಿತು: ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಒಳ್ಳೆಯ ಆದೇಶವೇ. ಆದರೆ ದಿನಗೂಲಿಗೆ ಶೀಟು ಕೊಯ್ದವನ ಹೆಸರು ಯಾವ ದಾಖಲೆಯಲ್ಲಿದ್ದೀತು?

ಗಟ್ಟಿಯಾಗಿರುವ ಶೀಟಿನಡಿ ಮಲಗಿದ ಮಾತ್ರಕ್ಕೆ ಗಾಬರಿ ಬೇಡ. ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಏಳುವ ದೂಳೇ ಅಪಾಯ. ಹಿಂದೆ ಆ ದೂಳು ಕುಡಿದವರು ಒಳಹೊಕ್ಕ ಎಳೆಯನ್ನು ಹೊರತೆಗೆಯಲಾರರು, ಬೀಡಿ ಸಿಗರೇಟು ಬಿಡಬಲ್ಲರು. ಕಲ್ನಾರೂ ಹೊಗೆಸೊಪ್ಪೂ ಜೊತೆಯಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಿಡಿಬಿಡಿಯಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಏದುಸಿರು, ಬಿಡದ ಕೆಮ್ಮು ಎಂದು ಡಾಕ್ಟರ ಬಳಿ ಹೋದಾಗ ನಲವತ್ತು ವರ್ಷದ ಹಿಂದೆ ಮಾಡುತ್ತಿದ್ದ ಕೆಲಸವನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.