ಕಿಟಕಿಯ ದಿಕ್ಕನ್ನರಿತು ಪರದೆಯನ್ನು ಆರಿಸಿರಿ

ಗೃಹಪ್ರವೇಶಕ್ಕೆ ಮುಹೂರ್ತ ನಿಶ್ಚಯವಾದ ಮೇಲೆ ಗೃಹಸ್ಥರಿಗೆ ಕಟ್ಟಕಡೆಯದಾಗಿ ನೆನಪಾಗುವುದು ಕಿಟಕಿಯ ಪರದೆ. ಆ ವೇಳೆಗೆ ಕೈಯಲ್ಲಿದ್ದ ಹಣವೂ ಕರಗಿರುತ್ತದೆ, ವಿಚಾರ ಮಾಡುವ ವ್ಯವಧಾನವೂ ಇರುವುದಿಲ್ಲ. ಕಲ್ಯಾಣಮಂಟಪದಲ್ಲಿ ಕಂಡ ದಪ್ಪ ಮಖಮಲ್ಲಿನ ಪರದೆಯೇ ಕಣ್ಣಿಗೆ ಕಟ್ಟಿರುವುದರಿಂದ ಅಂಥದ್ದನ್ನೇ ಸಾಲ ಮಾಡಿಯಾದರೂ ತಂದು ಎಲ್ಲ ಕಿಟಕಿಗಳಿಗೂ ತೂಗುಹಾಕುತ್ತೇವೆ. ದಾವಣಗೆರೆಯ ವಿದ್ಯಾನಗರದಲ್ಲಾಗಲಿ, ಹರಿಹರದ ಹೊಸ ಬಡಾವಣೆಗಳಲ್ಲಾಗಲಿ ನಡುಹಗಲಿನಲ್ಲಿಯೇ ದೀಪ ಹೊತ್ತಿಸಿಕೊಂಡು ಕುಳಿತಿರುವ ಮನೆಗಳಿಗೆ ಕೊರತೆಯಿಲ್ಲ. ಇದರ ಕಷ್ಟವನ್ನು ಉಣ್ಣುವವರು ದಿನವಿಡೀ ಮನೆಯಲ್ಲಿಯೇ ಇರುವ ವೃದ್ಧರು, ಗೃಹಿಣಿಯರು ಮತ್ತು ಓದುವ ಮಕ್ಕಳು.

ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಈ ತೊಡಕು ಇರಲಿಲ್ಲ. ದಪ್ಪನೆಯ ಮಣ್ಣಿನ ಗೋಡೆಗಳು ಬಿಸಿಲನ್ನು ತಡೆಯುತ್ತಿದ್ದವು, ಕಿಟಕಿಗಳು ಕಿರಿದಾಗಿದ್ದವು, ಮೇಲಿನ ಬೆಳಕಿಂಡಿಯಿಂದ ಪಡಸಾಲೆಗೆ ಬೆಳಕು ಇಳಿಯುತ್ತಿತ್ತು. ಇಂದಿನ ಗೋಡೆ ತೆಳುವು, ಕಿಟಕಿ ಅಗಲ, ಅದಕ್ಕೆ ಗಾಜಿನ ಬಾಗಿಲು. ಆದಕಾರಣ ಪರದೆ ಅವಶ್ಯವಾಯಿತು. ಆದರೆ ಅದನ್ನು ಆರಿಸುವ ತಿಳಿವಳಿಕೆ ಮನೆತನದ ರೂಢಿಯಲ್ಲಿ ಇಲ್ಲದುದರಿಂದ ಅನುಕರಣೆಯೇ ನಮಗೆ ದಾರಿಯಾಯಿತು.

ಅಂಗಡಿಗೆ ಹೋಗುವ ಮುನ್ನ ಕಿಟಕಿಯ ದಿಕ್ಕನ್ನು ನೋಡಬೇಕು. ದಾವಣಗೆರೆ ಮತ್ತು ಹರಿಹರಗಳು ಸುಮಾರು ೧೪.೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಸಂಜೆಯ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರವಾಗಿ ಒಳನುಗ್ಗುತ್ತದೆ. ದಪ್ಪ ಪರದೆ, ಅಸ್ತರು ಯಾವುದಾದರೂ ಬೇಕಿದ್ದರೆ ಅದು ಈ ಕಿಟಕಿಗೆ ಮಾತ್ರ. ಪೂರ್ವದ ಕಿಟಕಿಗೆ ತೆಳುವಾದ ಅರಿವೆ ಸಾಕು. ಮುಂಜಾನೆಯ ಎಳೆಬಿಸಿಲು ಒಳಗೆ ಬರಲಿ. ದಕ್ಷಿಣದ ಕಿಟಕಿಗೆ ಬಿಸಿಲು ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ, ಅದು ಹಿತವಾದುದೇ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯನು ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆದರೂ ಆತನು ಬಹು ಎತ್ತರದಲ್ಲಿರುವುದರಿಂದ ಸಜ್ಜೆಯೊಂದಿದ್ದರೆ ಸಾಕು, ಉತ್ತರದ ಕಿಟಕಿ ವರ್ಷವಿಡೀ ತಂಪಾದ ಬೆಳಕನ್ನೇ ಕೊಡುತ್ತದೆ. ಅಲ್ಲಿ ದಪ್ಪ ಪರದೆ ಹಾಕುವುದು ಪುಕ್ಕಟೆಯಾಗಿ ಬಂದ ಬೆಳಕನ್ನು ಹಣ ಕೊಟ್ಟು ಹೊರಗಟ್ಟಿದಂತೆ.

ಇನ್ನೊಂದು ಮಾತನ್ನು ಮರೆಯಲಾಗದು. ಗಾಜನ್ನು ದಾಟಿ ಒಳಬಂದ ಬಿಸಿಲು ಪರದೆಯನ್ನು ಕಾಯಿಸಿ ಕೋಣೆಯಲ್ಲಿಯೇ ಉಳಿಯುತ್ತದೆ. ಬಿಸಿಲನ್ನು ಹೊರಗೇ ತಡೆಯುವುದು ಲೇಸು. ಪಶ್ಚಿಮದ ಕಿಟಕಿಗೆ ಹೊರಬದಿಯಲ್ಲಿ ಬಿದಿರಿನ ತಟ್ಟಿಯನ್ನು ಇಳಿಬಿಟ್ಟರೆ, ಅಥವಾ ಜಾಗವಿದ್ದಲ್ಲಿ ಒಂದು ಹೊಂಗೆಯನ್ನೋ ಬೇವನ್ನೋ ಬೆಳೆಸಿದರೆ, ಒಳಗೆ ಸಾದಾ ಪರದೆಯೇ ಸಾಕಾಗುತ್ತದೆ. ಪರದೆಯ ಹೊರಮೈ ಬಿಳಿ ಇಲ್ಲವೆ ತಿಳಿಬಣ್ಣದ್ದಾಗಿದ್ದರೆ ತಾಪವನ್ನು ಕೊಂಚವಾದರೂ ಹಿಂದಕ್ಕೆ ಕಳಿಸುತ್ತದೆ.

ಅರಿವೆಯ ವಿಷಯದಲ್ಲಿ ದಾವಣಗೆರೆಯವರಿಗೆ ಪಾಠ ಹೇಳಬೇಕಾಗಿ ಬಂದುದು ಸೋಜಿಗವೇ ಸರಿ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡ ಊರಿದು. ೧೯೧೩ರಲ್ಲಿ ಇದೇ ಊರಿನಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಕಾರಣರಾದ ಹರ್ಡೇಕರ ಮಂಜಪ್ಪನವರು ಖಾದಿಯನ್ನೂ ಸರಳ ಬದುಕನ್ನೂ ಬೋಧಿಸಿದವರು. ಹತ್ತಿಯ ಪರದೆ ಗಾಳಿಯಾಡಲು ಬಿಡುತ್ತದೆ, ಮನೆಯಲ್ಲಿಯೇ ಒಗೆಯಲು ಬರುತ್ತದೆ. ಬಿಸಿಲಿಗೆ ಬಣ್ಣ ಮಾಸುವುದು, ಒಗೆದಾಗ ಕುಗ್ಗುವುದು ಅದರ ದೋಷಗಳು. ಪಾಲಿಯೆಸ್ಟರು ಬೇಗ ಒಣಗುತ್ತದೆ, ಸುಕ್ಕುಗಟ್ಟುವುದಿಲ್ಲ. ಆದರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನಾರು ಮೃದುವಾದುದು, ಅಂದವಾಗಿ ಇಳಿಬೀಳುವಂಥದು. ಆದರೆ ನೆನೆದಾಗ ಬಲಗುಂದುವುದರಿಂದ ಅದನ್ನು ಬಡಿದು ಒಗೆಯಬಾರದು.

ಅಳತೆಯ ಲೆಕ್ಕ ಸುಲಭವಾದುದು. ೪ ಅಡಿ ಅಗಲ, ೪ ಅಡಿ ಎತ್ತರದ ಕಿಟಕಿಯೆನ್ನೋಣ. ಪರದೆಯ ಕಂಬಿ ಎರಡೂ ಬದಿಗೆ ೬ ಅಂಗುಲ ಚಾಚಿರಲಿ. ಆಗ ಹಗಲಿನಲ್ಲಿ ಪರದೆಯನ್ನು ಪೂರ್ತಿ ಗೋಡೆಯ ಕಡೆಗೆ ಸರಿಸಬಹುದು. ಹೀಗೆ ೫ ಅಡಿಯಾದ ಅಗಲಕ್ಕೆ ನಿರಿಗೆಗಾಗಿ ಒಂದೂವರೆಯಿಂದ ಎರಡು ಪಟ್ಟು ಅರಿವೆ ಬೇಕು. ೪೮ ಅಂಗುಲ ಅಗಲದ ಅರಿವೆಯಾದರೆ ಎರಡು ತುಂಡು ಸಾಕು. ಮೇಲೂ ಕೆಳಗೂ ೬ ಅಂಗುಲ ಇಳಿಬಿಟ್ಟು, ಮಡಿಕೆಗೂ ಕುಗ್ಗುವಿಕೆಗೂ ಸೇರಿಸಿ ಒಂದೊಂದು ತುಂಡಿಗೆ ೨ ಮೀಟರಿನಂತೆ ೪ ಮೀಟರು ಕೊಂಡರಾಯಿತು. ಹತ್ತಿಯಾದರೆ ಹೊಲಿಸುವ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಿರಿ.

ಕೆಲವು ಎಚ್ಚರಿಕೆಗಳೂ ಉಂಟು. ಒಲೆಯ ಬಳಿಯ ಕಿಟಕಿಗೆ ಪರದೆಯೇ ಬೇಡ. ಪೂಜಾಗೃಹದಲ್ಲಿ ದೀಪದ ಸಮೀಪ ಯಾವ ಅರಿವೆಯೂ ಹಾರಾಡದಿರಲಿ. ಎಳೆದು ಮಡಿಸುವ ಪಟ್ಟಿಯ ಪರದೆಗಳಿಗೆ ಉದ್ದನೆಯ ಹಗ್ಗವಿರುತ್ತದೆ. ಅದು ಕೂಸುಗಳ ಕೊರಳಿಗೆ ಸುತ್ತಿಕೊಂಡು ಪ್ರಾಣಕ್ಕೇ ಎರವಾಗಬಹುದು. ಮಕ್ಕಳಿರುವ ಮನೆಯಲ್ಲಿ ಹಗ್ಗವನ್ನು ಕೈಗೆಟುಕದಂತೆ ಮೇಲೆ ಕಟ್ಟಬೇಕು, ಅದರ ಕೆಳಗೆ ಮಂಚವನ್ನಾಗಲಿ ತೊಟ್ಟಿಲನ್ನಾಗಲಿ ಇಡಬಾರದು. ಮಂಡಕ್ಕಿ ಭಟ್ಟಿಗಳ ಆಸುಪಾಸಿನವರು ಮಸಿಯ ಕಾರಣದಿಂದ ಮೇಲಿಂದ ಮೇಲೆ ಒಗೆಯಬೇಕಾಗುವುದರಿಂದ ಹಗುರವಾದ ಪರದೆಯನ್ನೇ ಆರಿಸುವುದು ಜಾಣತನ.

ಎಲ್ಲಕ್ಕಿಂತ ಮಿಗಿಲಾಗಿ ಗಮನಿಸಬೇಕಾದುದು ಹಿರಿಯರ ಕೋಣೆ. ಅರವತ್ತು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಬಹಳ ಹೆಚ್ಚು ಬೆಳಕು ಬೇಕು. ಕತ್ತಲ ಕೋಣೆಯಲ್ಲಿ, ನೆಲಕ್ಕೆ ಹರಡಿದ ಪರದೆಯ ಅಂಚಿಗೆ ಕಾಲು ಸಿಕ್ಕಿ ಬಿದ್ದರೆ ಆ ವಯಸ್ಸಿನಲ್ಲಿ ಎಲುಬು ಮುರಿಯುವುದು ಸುಲಭ, ಕೂಡುವುದು ಕಷ್ಟ. ಅವರ ಪರದೆ ನೆಲಕ್ಕಿಂತ ಮೇಲಿರಲಿ, ಅವರ ಕೈಯಿಂದಲೇ ಸಲೀಸಾಗಿ ಸರಿಯುವಂತಿರಲಿ. ಪಡಸಾಲೆಯ ಪರದೆಗೆ ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ತಂದೆತಾಯಿಗಳ ಕೋಣೆಗೆ ಮೊದಲು ತೆಗೆದಿರಿಸಿರಿ. ಬಂದ ಅತಿಥಿಗಳು ಪಡಸಾಲೆಯಲ್ಲಿ ಕೂಡುವುದು ಒಂದು ಗಳಿಗೆ; ಹಿರಿಯರು ಆ ಕೋಣೆಯಲ್ಲಿ ಕಳೆಯುವುದು ತಮ್ಮ ಉಳಿದ ಆಯುಷ್ಯವನ್ನು.