ಧ್ರುವಪ್ರಭೆಗೆ ಡಿಸೆಂಬರೇ ಬೇಕೆ?

ಧ್ರುವಪ್ರಭೆ (ಅರೋರಾ) ಎಂದರೆ ಮಂಜು ಮುಚ್ಚಿದ ಮರ, ಕೊರೆಯುವ ಚಳಿ, ಡಿಸೆಂಬರ್ ರಜೆ ಎಂಬ ಚಿತ್ರವನ್ನು ಪ್ರವಾಸದ ಜಾಹೀರಾತುಗಳು ತಲೆಯಲ್ಲಿ ಕೂರಿಸಿಬಿಟ್ಟಿವೆ. ಚಳಿಗೂ ಅದಕ್ಕೂ ನಂಟೇ ಇಲ್ಲ. ಸೌರಮಾರುತ ಭೂಮಿಯ ಕಾಂತಕ್ಷೇತ್ರವನ್ನು ಕೆಣಕಿದಾಗ ಎಲೆಕ್ಟ್ರಾನುಗಳು ಕೆಳಗೆ ಧುಮುಕಿ, ನೆಲದಿಂದ ನೂರು ಕಿ.ಮೀ.ಗಿಂತ ಮೇಲೆ ಆಮ್ಲಜನಕದ ಪರಮಾಣುಗಳಿಗೆ ಬಡಿಯುತ್ತವೆ. ಹಸಿರು ಬೆಳಕು ಹೊಮ್ಮುತ್ತದೆ. ಜೂನ್‌ನಲ್ಲೂ ಇದು ನಡೆದೇ ಇರುತ್ತದೆ. ಆದರೆ ನಾರ್ವೆಯ ಟ್ರೊಮ್ಸೊದಲ್ಲಿ ಮೇ ಮೂರನೇ ವಾರದಿಂದ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಹಗಲಲ್ಲಿ ನಕ್ಷತ್ರ ಕಾಣದ ಹಾಗೆ ಇದೂ ಕಾಣದು, ಅಷ್ಟೆ.

ಹಾಗಾದರೆ ಕತ್ತಲು ಹೆಚ್ಚಿದಷ್ಟೂ ಒಳ್ಳೆಯದೆ? ಅಲ್ಲ. ಹಗಲು-ರಾತ್ರಿ ಸಮವಾಗುವ ಮಾರ್ಚ್, ಸೆಪ್ಟೆಂಬರ್‌ಗಳ ಆಸುಪಾಸಿನಲ್ಲಿ ಪ್ರಭೆಯನ್ನು ಬೆಳಗಿಸುವ ಕಾಂತೀಯ ಬಿರುಗಾಳಿಗಳು ಹೆಚ್ಚೆಂಬುದು 19ನೇ ಶತಮಾನದಲ್ಲೇ ಗೊತ್ತಿತ್ತು. 1973ರಲ್ಲಿ ವಿಜ್ಞಾನಿಗಳಾದ ರಸೆಲ್ ಮತ್ತು ಮೆಕ್‌ಫೆರಾನ್ ಇದಕ್ಕೊಂದು ಕಾರಣ ಕೊಟ್ಟರು. ಸೌರಮಾರುತ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಅದು ದಕ್ಷಿಣಕ್ಕೆ ಮುಖಮಾಡಿದ್ದರೆ, ಉತ್ತರಮುಖವಾದ ನಮ್ಮ ಕಾಂತರೇಖೆಗಳೊಡನೆ ಬೆಸೆದುಕೊಂಡು ಶಕ್ತಿ ಒಳನುಗ್ಗುತ್ತದೆ. ಡಿಸೆಂಬರ್, ಜೂನ್‌ಗಳಲ್ಲಿ ಭೂಮಿಯ ಅಕ್ಷ ಸೂರ್ಯನಿಂದ ಆಚೆಗೋ ಸೂರ್ಯನ ಕಡೆಗೋ ವಾಲಿರುತ್ತದೆ. ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಆ ವಾಲಿಕೆ ಪಕ್ಕಕ್ಕೆ. ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಹರಡಿ ಬರುವ ಸೌರಕ್ಷೇತ್ರದ ಒಂದು ಪಾಲು ಆಗ ನಮ್ಮ ಪಾಲಿಗೆ ದಕ್ಷಿಣಮುಖವಾಗಿಬಿಡುತ್ತದೆ.

1859ರ ಕ್ಯಾರಿಂಗ್ಟನ್ ಬಿರುಗಾಳಿ ಎದ್ದದ್ದು ಸೆಪ್ಟೆಂಬರ್‌ನಲ್ಲಿ. ಇನ್ನೊಂದು ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಕತ್ತಲಲ್ಲಿ ಮುಳುಗಿಸಿದ್ದು 1989ರ ಮಾರ್ಚ್‌ನಲ್ಲಿ. ಹಾಗೆಂದು ದೊಡ್ಡ ಬಿರುಗಾಳಿಗಳು ಪಂಚಾಂಗ ನೋಡಿಕೊಂಡು ಬರುವುದಿಲ್ಲ. 2024ರ ಮೇ 10-11ರ ರಾತ್ರಿ ಬಂದದ್ದನ್ನು ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾ ಉತ್ತರ ದಿಗಂತದ ಕೆಂಪಾಗಿ ಸೆರೆಹಿಡಿಯಿತು. ಕೆಂಪು ಹುಟ್ಟುವುದು 200 ಕಿ.ಮೀ.ಗಿಂತ ಎತ್ತರದಲ್ಲಿ; ಅಷ್ಟು ದೂರದಿಂದ ಕಾಣಲು ಆ ಎತ್ತರ ಬೇಕು.

ಅಂಥದ್ದನ್ನು ನಂಬಿ ಯಾರೂ ಟಿಕೆಟ್ ಮಾಡಿಸಲಾಗದು. ನನ್ನನ್ನು ಕೇಳಿದರೆ ಮಾರ್ಚ್, ಅದರಲ್ಲೂ ಸ್ವೀಡನ್ನಿನ ಅಬಿಸ್ಕೊ. ಅಟ್ಲಾಂಟಿಕ್‌ನ ಮೋಡಗಳು ನಾರ್ವೆಯ ಬೆಟ್ಟಗಳಲ್ಲೇ ಸುರಿದು ಬರಿದಾಗುವುದರಿಂದ ಅಲ್ಲಿ ಆಕಾಶ ತಿಳಿಯಾಗಿರುವುದು ಹೆಚ್ಚು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತದೆ, ನಿಜ. ಆದರೆ ಪ್ರಭೆ ರಂಗೇರುವುದು ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಎರಡರ ನಡುವೆ. ಮಾರ್ಚ್‌ನಲ್ಲೂ ಆ ಹೊತ್ತಿಗೆ ಬೇಕಾದಷ್ಟು ಕತ್ತಲಿರುತ್ತದೆ. ಹುಣ್ಣಿಮೆಯ ವಾರ ಮಾತ್ರ ಬಿಟ್ಟುಬಿಡಿ. ಏಪ್ರಿಲ್‌ಗೆ ಮುಂದೂಡಿದರೆ ಅಲ್ಲಿಯ ರಾತ್ರಿಗಳು ದಿನದಿನಕ್ಕೂ ಬೆಳಗತೊಡಗುತ್ತವೆ.